ಕೆಲಸ ಬಿಟ್ಟ ಸ್ನಾಯುವನ್ನು ಎಬ್ಬಿಸುವ ಮಾಲೀಶು: ಒಣ ಕೈ, ಚುರುಕು ಗತಿ, ಕಡಿಮೆ ಹೊತ್ತು

ನೆಲ್ಲು ನಾಟಿ ಮುಗಿಸಿ ಬಂದವರ ಟೊಂಕಕ್ಕೆ ಎಣ್ಣೆ ಹಚ್ಚಿ ಅರ್ಧ ತಾಸು ತಿಕ್ಕುವುದು ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಮನೆಮನೆಯ ರೂಢಿ. ನೋವು ಇಳಿಸಲು, ನಿದ್ದೆ ಬರಿಸಲು ಅದು ಒಳ್ಳೆಯದೇ. ಆದರೆ ಮರುದಿನ ಮೆಟ್ಟಿಲು ಹತ್ತುವಾಗ ಮತ್ತೆ ಮೊಣಕಾಲಿಗೆ ಕೈ ಊರಬೇಕು, ತುಂಬಿದ ಕೊಡ ಎತ್ತುವಾಗ ಮತ್ತೆ ಟೊಂಕ ಹಿಡಿಯುತ್ತದೆ. ನೋಯುವ ಸ್ನಾಯು ಒಂದು, ಕೆಲಸ ಬಿಟ್ಟು ಕೂತದ್ದು ಇನ್ನೊಂದು. ಎಣ್ಣೆ ಬಿದ್ದದ್ದು ನೋಯುವುದಕ್ಕೆ ಮಾತ್ರ. ಪಿರ್ರೆಯ ದೊಡ್ಡ ಸ್ನಾಯು ಮಾಡಬೇಕಾದ ದುಡಿಮೆಯನ್ನೂ ತನ್ನ ಮೇಲೆ ಹಾಕಿಕೊಂಡು ಟೊಂಕ ದಣಿದಿರುತ್ತದೆ.

ಕೂತ ಸ್ನಾಯುವನ್ನು ಎಬ್ಬಿಸುವ ಮಾಲೀಶು ಬೇರೆಯೇ. ಅದಕ್ಕೆ ಎಣ್ಣೆ ಬೇಡ, ಅರ್ಧ ತಾಸು ಬೇಡ, ಮೈಭಾರ ಹಾಕಿ ಒತ್ತುವುದೂ ಬೇಡ. ಒಂದು ಸ್ನಾಯುವಿಗೆ ಒಂದೂವರೆ ನಿಮಿಷದ ಕೈಕೆಲಸ, ಅದರ ಬೆನ್ನಿಗೇ ಐದಾರು ನಿಮಿಷದ ವ್ಯಾಯಾಮ. ವ್ಯಾಯಾಮ ಬಿಟ್ಟರೆ ಮಾಲೀಶು ಮಾಡಿದ್ದೂ ದಂಡ, ಏಕೆಂದರೆ ತಟ್ಟಿ ತಂದ ಎಚ್ಚರ ಕೆಲವೇ ನಿಮಿಷ ಉಳಿಯುತ್ತದೆ.

ಸ್ನಾಯು ಯಾಕೆ ಕೆಲಸ ಬಿಡುತ್ತದೆ

ಸ್ನಾಯು ಬಲ ಕೊಡುತ್ತಿಲ್ಲವೆಂದರೆ ಅದು ಸೊರಗಿದೆ ಎಂದೇ ತಿಳಿಯಬೇಕಿಲ್ಲ. ಎಷ್ಟೋ ಸಲ ಮಾಂಸ ಗಟ್ಟಿಯಾಗೇ ಇರುತ್ತದೆ, ಬೆನ್ನುಹುರಿಯಿಂದ ಅದಕ್ಕೆ ಹೋಗಬೇಕಾದ ಆಜ್ಞೆ ಅರ್ಧಕ್ಕೇ ತಡೆದಿರುತ್ತದೆ.

ಮೊದಲ ತಡೆ ನೋವು. ನೋಯುವ ಕೀಲಿನ ಸುತ್ತಲಿನ ಸ್ನಾಯುವನ್ನು ಬೆನ್ನುಹುರಿ ತಾನಾಗಿಯೇ ಸಡಿಲಿಸಿಬಿಡುತ್ತದೆ. ಎರಡನೆಯದು ಕೀಲಿನಲ್ಲಿ ತುಂಬಿದ ನೀರು. ಮೊಣಕಾಲಿನಲ್ಲಿ 20–30 ಮಿಲಿಲೀಟರ್, ಅಂದರೆ ನಾಲ್ಕಾರು ಟೀ ಚಮಚದಷ್ಟು ನೀರು ಸೇರಿದರೂ ತೊಡೆಯ ಒಳಬದಿಯ ಸ್ನಾಯು ಮಂಕಾಗುತ್ತದೆ, ನೋವೇ ಇಲ್ಲದಿದ್ದರೂ. ಮೂರನೆಯದು ಎದುರು ಸ್ನಾಯುವಿನ ಬಿಗಿತ. ಒಂದು ಸ್ನಾಯು ಸೆಳೆದಾಗ ಅದರ ಎದುರಿನದಕ್ಕೆ ಸಡಿಲಾಗು ಎಂಬ ಆಜ್ಞೆ ಹೋಗುತ್ತದೆ. ಈ ಜೋಡಿ ಲೆಕ್ಕವನ್ನು ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್, 1932ರಲ್ಲಿ ನೊಬೆಲ್ ಹಂಚಿಕೊಂಡ ವಿಜ್ಞಾನಿ. ನಾಲ್ಕನೆಯದು ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವಂಥದ್ದು: ಒಂದೇ ಭಂಗಿಯಲ್ಲಿ ತಾಸುಗಟ್ಟಲೆ ಇರುವುದು. ಬಳ್ಳಾರಿಯ ಜೀನ್ಸ್ ಹೊಲಿಗೆಯವರು ಕೂತೇ ಇರುತ್ತಾರೆ, ಲಾರಿ ಡ್ರೈವರುಗಳೂ ಹಾಗೆಯೇ. ನಾಟಿ ಹಚ್ಚುವವರು ಬಗ್ಗಿಯೇ ಇರುತ್ತಾರೆ. ಪೂರ್ತಿ ಬಗ್ಗಿದಾಗ ಬೆನ್ನಿನ ನೇರ ಸ್ನಾಯುಗಳು ಸುಮ್ಮನಾಗಿ, ಭಾರವೆಲ್ಲ ಬೆನ್ನೆಲುಬಿನ ಹಿಂದಿನ ಕಟ್ಟುಗಳ ಮೇಲೆ ನೇತಾಡುತ್ತದೆ. ತಾಸುಗಟ್ಟಲೆ ಹಾಗಿದ್ದರೆ ಕಟ್ಟುಗಳು ಹಿಗ್ಗುತ್ತವೆ, ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುತ್ತವೆ. ಅದಕ್ಕೇ ನಾಟಿಯಿಂದ ಎದ್ದವರು ಆ ಕ್ಷಣವೇ ಸಸಿಯ ಹೊರೆ ಎತ್ತಬಾರದು. ಬದುವಿನ ಮೇಲೆ ನೆಟ್ಟಗೆ ನಿಂತು, ಹತ್ತು ಹೆಜ್ಜೆ ನಡೆದು, ಒಂದೆರಡು ನಿಮಿಷ ಬಿಟ್ಟು ಎತ್ತಬೇಕು.

ಇನ್ನು ತಟ್ಟುವುದರಿಂದ ಸ್ನಾಯು ಏಳುವುದು ಹೇಗೆ? ಸ್ನಾಯುವಿನೊಳಗೆ ಎಳೆತವನ್ನು ಅಳೆಯುವ ಸೂಕ್ಷ್ಮ ಎಳೆಗಳಿವೆ. ಡಾಕ್ಟರು ಮೊಣಕಾಲ ಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ಬಡಿದಾಗ ಕಾಲು ತಾನಾಗಿ ಒದೆಯುತ್ತದಲ್ಲ, ಅದು ಈ ಎಳೆಗಳ ಕೆಲಸ. ಚುರುಕಾಗಿ ತಟ್ಟಿದರೆ, ಥಟ್ಟನೆ ಎಳೆದರೆ, ಚರ್ಮವನ್ನು ಬೇಗಬೇಗ ಉಜ್ಜಿದರೆ ಬೆನ್ನುಹುರಿಗೆ ಎಚ್ಚರದ ಸುದ್ದಿ ಹೋಗುತ್ತದೆ. ನಿಧಾನವಾಗಿ, ಆಳವಾಗಿ, ಬಹಳ ಹೊತ್ತು ಒತ್ತಿದರೆ ಹೋಗುವುದು ವಿಶ್ರಾಂತಿಯ ಸುದ್ದಿ. ಆಯುರ್ವೇದದಲ್ಲೂ ಎಣ್ಣೆಯ ಅಭ್ಯಂಗ ಬೇರೆ, ಒಣ ಪುಡಿ ಹಾಕಿ ಚುರುಕಾಗಿ ಉಜ್ಜುವ ಉದ್ವರ್ತನ ಬೇರೆ. ಲಕ್ವ ಹೊಡೆದವರ ಕೈಕಾಲಿಗೆ ಬ್ರಷ್‌ನಿಂದ ಬೇಗಬೇಗ ಉಜ್ಜುವ, ಬೆರಳಿಂದ ತಟ್ಟುವ ಪದ್ಧತಿಯನ್ನು ಅಮೆರಿಕದ ಮಾರ್ಗರೆಟ್ ರೂಡ್ ಕಳೆದ ಶತಮಾನದ ಮಧ್ಯದಲ್ಲೇ ಬೆಳೆಸಿದ್ದರು.

ಕೈ ಹಚ್ಚುವ ಮೊದಲು

ಎಲ್ಲ ಸೋತ ಸ್ನಾಯುವೂ ಮಾಲೀಶಿಗೆ ಬರುವುದಲ್ಲ. ಇದನ್ನು ಓದದೆ ಮುಂದೆ ಹೋಗಬೇಡಿ.

ಮುಖ ಒಂದು ಕಡೆ ಸೊಟ್ಟಗಾಗಿ, ಕೈ ಅಥವಾ ಕಾಲು ಒಮ್ಮೆಲೇ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯು. ಎಣ್ಣೆ ತಿಕ್ಕುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ತಾಸು ಮಾತ್ರ ಅವಕಾಶ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಟೊಂಕ ನೋವಿನ ಜೊತೆ ಮೂತ್ರ-ಮಲದ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ನಡೆಯುವಾಗ ಪಾದ ಜೋತು ಬಿದ್ದು ನೆಲಕ್ಕೆ ಉಜ್ಜಿದರೆ ಅದು ನರದ ತೊಂದರೆ. ಅಂದೇ ಡಾಕ್ಟರಿಗೆ ತೋರಿಸಬೇಕು.

ಒಂದೇ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ, ಆ ಕಾಲನ್ನು ಮುಟ್ಟಲೇಬೇಡಿ. ಜ್ವರ, ಹುಣ್ಣು, ಬೆವರುಗುಳ್ಳೆ ಎದ್ದ ಚರ್ಮ, ಉಬ್ಬಿದ ನೀಲಿ ನರಗಳು, ಹೊಸದಾಗಿ ಮುರಿದ ಎಲುಬು, ರಕ್ತ ತೆಳುವಾಗಿಸುವ ಮಾತ್ರೆ: ಇವಿದ್ದಲ್ಲೂ ತಟ್ಟುವುದು ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವವರಿಗೆ ಎಷ್ಟು ಜೋರಾಯಿತು ಎಂಬುದೇ ತಿಳಿಯುವುದಿಲ್ಲ.

ಮೂರೂ ಜಿಲ್ಲೆಗಳಿಗೆ ಸೇರಿದ ಒಂದು ಮಾತು ಇಲ್ಲೇ ಹೇಳಬೇಕು. ಇಲ್ಲಿನ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಂದು ಗೆರೆ ಬೀಳುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ಮುಂದೆ ಬೆನ್ನು, ಕುತ್ತಿಗೆ, ಮೊಣಕಾಲು ಬಿರುಸಾಗುತ್ತವೆ. ಹಲ್ಲಿನ ಕಲೆ, ತಿರುಗದ ಕುತ್ತಿಗೆ, ಪೂರ್ತಿ ಬಗ್ಗದ ಬೆನ್ನು ಒಟ್ಟಿಗೇ ಕಂಡರೆ ಅದನ್ನು ಸ್ನಾಯುವಿನ ಸೋಲು ಎಂದು ಎಣಿಸಿ ಬೆನ್ನು ಜಗ್ಗುವುದು, ಲಟಿಕೆ ತೆಗೆಯುವುದು ಅಪಾಯ. ಎಕ್ಸ್‌ರೇ ತೆಗೆಸಿ, ನೀರು ಪರೀಕ್ಷೆ ಮಾಡಿಸಿ.

ಯಾವ ಸ್ನಾಯು ಕೂತಿದೆ? ನಾಲ್ಕು ಪರೀಕ್ಷೆ

ಪರೀಕ್ಷೆ ಮಾಡದೆ ತಟ್ಟುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ. ಎರಡೂ ಬದಿ ಹೋಲಿಸಿ, ಒಂದು ಚೀಟಿಯಲ್ಲಿ ಬರೆದಿಡಿ. ಮಾಲೀಶಿನ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಪಿರ್ರೆಯ ದೊಡ್ಡ ಸ್ನಾಯುವಿಗೆ: ಅಂಗಾತ ಮಲಗಿ ಮೊಣಕಾಲು ಮಡಿಸಿ, ಹಿಮ್ಮಡಿ ನೆಲಕ್ಕೂರಿ ಸೊಂಟ ಎತ್ತಿ 20 ಸೆಕೆಂಡ್ ಹಿಡಿಯಲಿ. ಪಿರ್ರೆ ಮುಟ್ಟಿ ನೋಡಿದರೆ ಕಲ್ಲಿನಂತೆ ಗಟ್ಟಿ ಇರಬೇಕು. ಪಿರ್ರೆ ಮೆತ್ತಗೇ ಉಳಿದು ತೊಡೆಯ ಹಿಂಭಾಗ ಹಿಡಿದುಕೊಂಡರೆ ಅಥವಾ ಟೊಂಕ ನೋಯತೊಡಗಿದರೆ ದುಡಿಯುತ್ತಿರುವುದು ಬೇರೆಯವರು ಎಂದಾಯಿತು.

ಪಿರ್ರೆಯ ಮೇಲ್ಬದಿಯ ಸ್ನಾಯುವಿಗೆ: ಗೋಡೆಗೆ ಒಂದು ಬೆರಳು ಮಾತ್ರ ತಾಗಿಸಿ ಒಂಟಿಗಾಲಲ್ಲಿ 30 ಸೆಕೆಂಡ್ ನಿಲ್ಲಲಿ. ಹಿಂದಿನಿಂದ ನೋಡಿ. ಎತ್ತಿದ ಕಾಲಿನ ಬದಿಗೆ ಸೊಂಟ ಕುಸಿದರೆ, ಇಲ್ಲವೆ ಮೈಯೆಲ್ಲ ನಿಂತ ಕಾಲಿನ ಕಡೆ ವಾಲಿದರೆ, ನಿಂತ ಕಾಲಿನ ಬದಿಯ ಸ್ನಾಯು ಸೋತಿದೆ. ಎತ್ತಿದ ಬದಿಯದು ಎಂದು ತಿಳಿಯುವುದು ಸಾಮಾನ್ಯ ತಪ್ಪು.

ತೊಡೆಯ ಮುಂಭಾಗಕ್ಕೆ: ಕಾಲು ನೀಡಿ ಕೂತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಲಿ. ಚಿಪ್ಪು ಮೇಲಕ್ಕೆ ಸರಿದು, ಚಿಪ್ಪಿನ ಒಳಬದಿಯ ಮೇಲೆ ಮಾಂಸ ಉಬ್ಬಬೇಕು. ಬಳಿಕ ಕಾಲು ನೆಟ್ಟಗೆ ಎತ್ತಲಿ. ಹಿಮ್ಮಡಿ ಏಳುವಾಗ ಮೊಣಕಾಲು ಸ್ವಲ್ಪ ಮಡಚಿದರೆ ಮುಂದೊಡೆ ಪೂರ್ತಿ ಎದ್ದಿಲ್ಲ.

ಹೊಲಿಗೆಯವರ ಹೆಗಲಿಗೆ: ಎರಡೂ ಕೈ ನಿಧಾನ ಮೇಲೆತ್ತಲಿ. ಕೈ ಭುಜದ ಮಟ್ಟ ಮುಟ್ಟುವ ಮೊದಲೇ ಹೆಗಲು ಕಿವಿಯ ಕಡೆ ಏರಿದರೆ ಕುತ್ತಿಗೆಯ ಸ್ನಾಯು ಎಲ್ಲ ಕೆಲಸ ತಾನೇ ಹಿಡಿದಿದೆ, ರೆಕ್ಕೆ ಎಲುಬನ್ನು ಕೆಳಕ್ಕೆ ಎಳೆಯುವ ಸ್ನಾಯು ಕೂತಿದೆ.

ಅಂಗವನ್ನು ಅದರದೇ ಭಾರದ ವಿರುದ್ಧ ಎತ್ತಲೂ ಆಗದಷ್ಟು ಸೋಲಿದ್ದರೆ ಅದು ಮನೆಯ ಮಾಲೀಶಿನ ಹಂತ ದಾಟಿದ್ದು, ಫಿಜಿಯೋಥೆರಪಿಯವರಿಗೆ ತೋರಿಸಿ. ಇನ್ನೊಂದು ಎಚ್ಚರಿಕೆ: ಚಾಚಿದ ಕೈಯನ್ನು ಒತ್ತಿ ನೋಡಿ ‘ನಿಮ್ಮ ಲಿವರ್ ವೀಕ್ ಇದೆ’, ‘ಈ ಕಾಳು ನಿಮಗೆ ಆಗಿಬರುವುದಿಲ್ಲ’ ಎಂದು ಹೇಳುವವರಿದ್ದಾರೆ. ಸ್ನಾಯುವಿನ ಪರೀಕ್ಷೆ ಸ್ನಾಯುವಿನ ಬಗ್ಗೆ, ಹೆಚ್ಚೆಂದರೆ ಅದರ ನರದ ಬಗ್ಗೆ ಹೇಳಬಲ್ಲದು. ಲಿವರ್ ಬಗ್ಗೆ ಏನನ್ನೂ ಹೇಳಲಾರದು.

ಸಿದ್ಧತೆ

ನೆಲಕ್ಕೆ ಎರಡು ಮಡಿಕೆ ಕೌದಿ ಹಾಸಿದರೆ ಸಾಕು. ಮೆತ್ತನೆ ಹಾಸಿಗೆ ಬೇಡ, ತಟ್ಟಿದ ಪೆಟ್ಟನ್ನೆಲ್ಲ ಅದೇ ನುಂಗುತ್ತದೆ. ಉಗುರು ಕತ್ತರಿಸಿ, ಉಂಗುರ-ಬಳೆ ತೆಗೆದಿಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಬೆವರಿದ ಚರ್ಮಕ್ಕೆ ಒಣ ಕೈ ಅಂಟಿ ಕೀಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆರಿಸಿ, ತುಸು ಪೌಡರ್ ಹಾಕಿ ಅಥವಾ ತೆಳು ಹತ್ತಿ ಬಟ್ಟೆ ಹೊದಿಸಿ ಮಾಡಿ. ಉರಿಯುವ ಬಾಮು ಹಚ್ಚಬೇಡಿ, ಅದರ ಉರಿಯಲ್ಲಿ ಎಷ್ಟು ಉಜ್ಜಿದಿರೆಂಬ ಅಂದಾಜು ಇಬ್ಬರಿಗೂ ತಪ್ಪುತ್ತದೆ.

ಪಿರ್ರೆ, ತೊಡೆ ಮುಟ್ಟುವ ಕೆಲಸವಾದ್ದರಿಂದ ಎಲ್ಲಿ, ಹೇಗೆ, ಎಷ್ಟು ಹೊತ್ತು ಎಂದು ಮೊದಲೇ ಹೇಳಿ ಒಪ್ಪಿಗೆ ಕೇಳಬೇಕು. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಮಾಡುವುದು ಲೇಸು. ಸೀರೆಯ ಮೇಲಿಂದ ತಟ್ಟಿದರೂ ಫಲ ಕಡಿಮೆಯಾಗದು. ಒಬ್ಬರೇ ಇದ್ದರೆ ಮಗ್ಗುಲಾಗಿ ಮಲಗಿ ತಮ್ಮ ಮುಷ್ಟಿಯಿಂದ ತಾವೇ ತಟ್ಟಿಕೊಳ್ಳಬಹುದು.

ಪಿರ್ರೆಯ ದೊಡ್ಡ ಸ್ನಾಯು: ಪೂರ್ತಿ ಕ್ರಮ

ಇದನ್ನು ಸರಿಯಾಗಿ ಕಲಿತರೆ ಉಳಿದವು ತಾನಾಗಿ ಬರುತ್ತವೆ. ಈ ಸ್ನಾಯು ಬೆನ್ನೆಲುಬಿನ ಬುಡದ ತ್ರಿಕೋನ ಎಲುಬಿನ ಅಂಚಿನಿಂದ ಹೊರಟು, ಓರೆಯಾಗಿ ಕೆಳಗಿಳಿದು, ತೊಡೆಯ ಮೇಲ್ಭಾಗದ ಹೊರಬದಿಗೆ ಅಂಟುತ್ತದೆ. ಕೈ ಹೋಗಬೇಕಾದದ್ದು ಇದೇ ಓರೆಯಲ್ಲಿ.

ಮೊದಲು ಎದುರಾಳಿಯನ್ನು ಶಾಂತ ಮಾಡಿ. ಕೂತು ದುಡಿಯುವವರಲ್ಲಿ ಎದುರಾಳಿ ಮುಂದೊಡೆ ಮತ್ತು ತೊಡೆಸಂದಿನ ಸ್ನಾಯುಗಳು. ಮಂಚದ ತುದಿಯಲ್ಲಿ ಅಂಗಾತ ಮಲಗಿ, ಒಂದು ಮೊಣಕಾಲನ್ನು ಎದೆಗೆ ಅಪ್ಪಿ, ಇನ್ನೊಂದು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಡಲಿ. ಆ ಇಳಿದ ತೊಡೆಯ ಮೇಲೆ ಮೊಣಕಾಲಿನಿಂದ ಮೇಲಕ್ಕೆ ಅಂಗೈಯಿಂದ ನಿಧಾನ ನೀವಿ. ಒಂದು ನೀವಿಕೆಗೆ ಐದಾರು ಸೆಕೆಂಡ್, ಒಟ್ಟು ಎಂಟು ಹತ್ತು ಸಲ. ಬೇಕಿದ್ದರೆ ಇಲ್ಲಿ ನಾಲ್ಕು ಹನಿ ಕುಸುಬಿ ಎಣ್ಣೆ ಹಾಕಿ, ಇದು ಶಾಂತ ಮಾಡುವ ಹಂತ. ತೊಡೆಸಂದಿಗೆ ನಾಲ್ಕು ಬೆರಳು ಕೆಳಗೇ ಕೈ ನಿಲ್ಲಬೇಕು, ಅಲ್ಲಿ ದೊಡ್ಡ ರಕ್ತನಾಳ ಮಿಡಿಯುತ್ತದೆ. ಹೊಟ್ಟೆಯೊಳಗೆ ಬೆರಳು ಚುಚ್ಚಿ ಆಳದ ಸ್ನಾಯು ಹುಡುಕುವ ಸಾಹಸವನ್ನು ಮನೆಯಲ್ಲಿ ಮಾಡಬಾರದು. ಬಳಿಕ ಕಾಲು ಇಳಿಬಿಟ್ಟೇ 30 ಸೆಕೆಂಡ್, ಎರಡು ಸಲ. ಬಗ್ಗಿ ದುಡಿಯುವವರಲ್ಲಿ ದಣಿದಿರುವುದು ಹಿಂದೊಡೆ ಮತ್ತು ಟೊಂಕ. ಅವರಿಗೆ ಬೋರಲು ಮಲಗಿಸಿ ಹಿಂದೊಡೆಯನ್ನು ಇದೇ ನಿಧಾನದಲ್ಲಿ ನೀವಿ. ಕಾಲು ಜಗ್ಗಬೇಡಿ, ಇಡೀ ದಿನ ಅದು ಜಗ್ಗಿಸಿಕೊಂಡೇ ಬಂದಿದೆ.

ಇಲ್ಲಿ ನಿಂತು ಸೊಂಟ ಎತ್ತುವ ಪರೀಕ್ಷೆಯನ್ನು ಒಮ್ಮೆ ಮಾಡಿಸಿ. ಕೆಲವರಲ್ಲಿ ಇಷ್ಟಕ್ಕೇ ಪಿರ್ರೆ ಎದ್ದಿರುತ್ತದೆ. ಹಾಗಿದ್ದರೆ ತಟ್ಟುವುದು ಬಿಟ್ಟು ನೇರ ವ್ಯಾಯಾಮಕ್ಕೆ ಹೋಗಿ.

ಏಳದಿದ್ದರೆ ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ತೆಳು ದಿಂಬು ಕೊಡಿ. ಕೈಗೆ ಎಣ್ಣೆ ಇದ್ದರೆ ಒರೆಸಿಕೊಳ್ಳಿ. ಅಂಗೈಯನ್ನು ಸ್ನಾಯುವಿನ ಓರೆಯಲ್ಲೇ ಚುರುಕಾಗಿ ಉಜ್ಜಿ, ಸೆಕೆಂಡಿಗೆ ಎರಡು ಸಲದ ಗತಿ, 20 ಸೆಕೆಂಡ್. ಚರ್ಮ ಬೆಚ್ಚಗಾಗಿ ತುಸು ಕೆಂಪೇರಿದರೆ ಸಾಕು. ಆಮೇಲೆ ಸ್ನಾಯುವಿನ ಎರಡು ತುದಿಗಳು: ತ್ರಿಕೋನ ಎಲುಬಿನ ಪಕ್ಕ ಒಂದು, ತೊಡೆಯ ಹೊರ-ಹಿಂಬದಿಯಲ್ಲಿ ಎಲುಬಿನ ಗುಬುಟಿಗಿಂತ ನಾಲ್ಕು ಬೆರಳು ಕೆಳಗೆ ಇನ್ನೊಂದು. ಎರಡು ಬೆರಳ ತುದಿಯಿಂದ ಅಡ್ಡಡ್ಡ ಸಣ್ಣಗೆ, ಗಟ್ಟಿಯಾಗಿ ಉಜ್ಜಿ, ಒಂದೊಂದಕ್ಕೆ 15 ಸೆಕೆಂಡ್. ನಂತರ ಮಾಂಸವನ್ನು ಹಿಡಿಹಿಡಿಯಾಗಿ ಎತ್ತಿ ಥಟ್ಟನೆ ಬಿಡಿ, ಹತ್ತು ಹನ್ನೆರಡು ಸಲ. ರೊಟ್ಟಿ ಹಿಟ್ಟು ನಾದುವಂತೆ ಒತ್ತಿ ತಿರುಚುವುದಲ್ಲ, ಎತ್ತಿ ಬಿಡುವುದು ಮಾತ್ರ. ಕೊನೆಗೆ ಸಡಿಲ ಮುಷ್ಟಿಯಿಂದ ಎರಡೂ ಕೈ ಸರದಿಯಲ್ಲಿ, ಸೆಕೆಂಡಿಗೆ ಮೂರ್ನಾಲ್ಕು ಪೆಟ್ಟು, 20 ಸೆಕೆಂಡ್. ಮಣಿಕಟ್ಟು ಸಡಿಲಿರಬೇಕು. ಪೆಟ್ಟಿನ ಬಲ ರೊಟ್ಟಿ ಬಡಿಯುವಾಗಿನಷ್ಟಿರಲಿ, ಅದಕ್ಕಿಂತ ಜೋರು ಬೇಡ. ಪಿರ್ರೆಯ ನಟ್ಟನಡುವೆ, ಕೆಳಭಾಗದಲ್ಲಿ ಕಾಲಿಗೆ ಹೋಗುವ ದೊಡ್ಡ ನರ ಇಳಿಯುತ್ತದೆ, ಅಲ್ಲಿ ಮೊಣಕೈ ಇಟ್ಟು ಒತ್ತಬೇಡಿ. ಕಾಲಿನುದ್ದಕ್ಕೆ ಝುಮ್ಮೆಂದು ಓಡಿದರೆ ಕೈ ತೆಗೆಯಿರಿ.

ಈಗ ಮುಖ್ಯ ಹಂತ. ತಡ ಮಾಡದೆ, ಮಲಗಿದಲ್ಲೇ ಪಿರ್ರೆಯನ್ನು ಬಿಗಿ ಹಿಡಿಯಲು ಹೇಳಿ. ಬಿಗಿ ಹಿಡಿದಿರುವಾಗಲೇ ಬೆರಳ ತುದಿಯಿಂದ ಅದರ ಮೇಲೆ ತಟ್ಟುತ್ತಿರಿ. ಐದು ಸೆಕೆಂಡ್ ಬಿಗಿ, ಐದು ಸೆಕೆಂಡ್ ಸಡಿಲ, ಆರು ಸಲ. ಸುಮ್ಮನೆ ಮಲಗಿದ ಸ್ನಾಯುವನ್ನು ತಟ್ಟುವುದಕ್ಕಿಂತ ದುಡಿಯುತ್ತಿರುವ ಸ್ನಾಯುವನ್ನು ತಟ್ಟುವುದು ಹೆಚ್ಚು ಫಲ ಕೊಡುತ್ತದೆ: ಮೆದುಳಿನ ಆಜ್ಞೆ ಮೇಲಿನಿಂದ, ತಟ್ಟಿದ ಸುದ್ದಿ ಕೆಳಗಿನಿಂದ, ಎರಡೂ ಬೆನ್ನುಹುರಿಯಲ್ಲಿ ಒಂದೇ ನರಕೋಶಕ್ಕೆ ಸೇರುತ್ತವೆ. ಮಾಲೀಶು ಮಾಡುವವರು ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಬಿಡುವುದು ಈ ಹಂತವನ್ನೇ.

ನಂತರ ಮೊಣಕಾಲು ಮಡಿಸಿ ತೊಡೆಯನ್ನು ನೆಲದಿಂದ ಎರಡು ಬೆರಳು ಮಾತ್ರ ಎತ್ತಲಿ, ಐದು ಸೆಕೆಂಡ್, ಆರು ಸಲ. ಮೊಣಕಾಲು ಮಡಿಸುವುದು ಹಿಂದೊಡೆ ನಡುವೆ ಬರಬಾರದೆಂದು. ಹಿಂದೊಡೆ ಹಿಡಿದುಕೊಂಡರೆ ಮಡಿಕೆ ಕಡಿಮೆ ಮಾಡಿ. ಟೊಂಕ ಒಳಕ್ಕೆ ಬಾಗುವಷ್ಟು ಮೇಲೆತ್ತಿದರೆ ದುಡಿಯುವುದು ಮತ್ತೆ ಟೊಂಕವೇ. ಬಳಿಕ ಅಂಗಾತ ಮಲಗಿ ಸೊಂಟ ಎತ್ತುವುದು ಹತ್ತು ಸಲ. ಇಲ್ಲಿ ಹಿಂದೊಡೆ ಹಿಡಿದರೆ ಹಿಮ್ಮಡಿಯನ್ನು ಪಿರ್ರೆಯ ಹತ್ತಿರಕ್ಕೆ ತನ್ನಿ. ಕೊನೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ. ಉಸಿರು ಕಟ್ಟಬಾರದು, ಬಿ.ಪಿ. ಇದ್ದವರಂತೂ ಎಣಿಕೆಯನ್ನು ಬಾಯಿಬಿಟ್ಟು ಹೇಳುತ್ತಾ ಮಾಡಲಿ.

ಮೊದಲ ಪರೀಕ್ಷೆಗೆ ಮರಳಿ ಚೀಟಿಯ ಜೊತೆ ಹೋಲಿಸಿ.

ಮೇಲ್ಬದಿಯ ಸ್ನಾಯು

ಬದಿಗೆ ವಾಲಿ ನಡೆಯುವವರಿಗೆ, ಒಂದೇ ಹೆಗಲ ಮೇಲೆ 75 ಕೆ.ಜಿ.ಯ ನೆಲ್ಲಿನ ಚೀಲ ಹೊರುವ ಹಮಾಲರಿಗೆ ಇದು ಬೇಕು. ಸ್ನಾಯು ಟೊಂಕದ ಎಲುಬಿನ ಅಂಚಿನ ಕೆಳಗಿನಿಂದ ಬೀಸಣಿಗೆಯಂತೆ ಹೊರಟು ತೊಡೆಯ ಹೊರಬದಿಯ ಗುಬುಟಿಗೆ ಸೇರುತ್ತದೆ. ಮಗ್ಗುಲಾಗಿ ಮಲಗಿಸಿ, ಮೊಣಕಾಲುಗಳ ನಡುವೆ ದಿಂಬಿಡಿ. ಅಂಚಿನ ಕೆಳಗೆ ಬೆರಳುಗಳಿಂದ ಮೇಲೆ-ಕೆಳಗೆ 20 ಸೆಕೆಂಡ್ ಉಜ್ಜಿ, 20 ಸೆಕೆಂಡ್ ಬೆರಳ ತುದಿಯಿಂದ ತಟ್ಟಿ. ಗುಬುಟಿನ ಮೇಲೆ ತಟ್ಟಬೇಡಿ, ಅಲ್ಲಿ ಎಲುಬು ಮತ್ತು ನೀರಿನ ಚೀಲವಿದೆ, ಊತ ಬರುತ್ತದೆ. ನಂತರ ಮೇಲಿನ ಕಾಲನ್ನು ನೆಟ್ಟಗಿಟ್ಟು, ಮೈಗಿಂತ ತುಸು ಹಿಂದಕ್ಕೆ ತಂದು, ಹಿಮ್ಮಡಿ ಮೊದಲು ಏಳುವಂತೆ ಒಂದು ಗೇಣು ಎತ್ತಲಿ, ಎಂಟು ಸಲ. ಕಾಲು ಮುಂದಕ್ಕೆ ಜಾರಿದರೆ ತೊಡೆಸಂದಿನ ಸ್ನಾಯು ಕೆಲಸ ಕದಿಯುತ್ತದೆ.

ಮುಂದೊಡೆ ಮತ್ತು ನೀರು ತುಂಬಿದ ಮೊಣಕಾಲು

ತಟ್ಟುವ ಮೊದಲು ನೀರಿದೆಯೇ ನೋಡಿ. ಕಾಲು ನೀಡಿಸಿ, ಚಿಪ್ಪಿನ ಒಳಬದಿಯನ್ನು ಅಂಗೈಯಿಂದ ಮೇಲಕ್ಕೆ ಎರಡು ಮೂರು ಸಲ ನೀವಿ, ತಕ್ಷಣ ಹೊರಬದಿಯನ್ನು ಮೇಲಿನಿಂದ ಕೆಳಕ್ಕೆ ನೀವಿ. ಒಳಬದಿಯ ತಗ್ಗಿನಲ್ಲಿ ಅಲೆಯಂತೆ ಉಬ್ಬು ಬಂದರೆ ನೀರಿದೆ. ನೀರಿದ್ದಾಗ ಎಷ್ಟು ತಟ್ಟಿದರೂ ಮುಂದೊಡೆ ಪೂರ್ತಿ ಏಳುವುದಿಲ್ಲ. ಆಗ ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 20 ನಿಮಿಷ ಇಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ, ತೆಗೆದ ಕೂಡಲೇ ವ್ಯಾಯಾಮ ಮಾಡಿಸಿ. ಕೀಲಿಗೆ ತಣ್ಣಗೆ ಕೊಟ್ಟರೆ ತಡೆ ಕೆಲ ಹೊತ್ತು ಸಡಿಲಾಗುತ್ತದೆ. ಮೊಣಕಾಲು ಕೆಂಪಾಗಿ ಬಿಸಿ ಇದ್ದು ಜ್ವರವೂ ಇದ್ದರೆ ಕೀವಿನ ಶಂಕೆ, ಅಂದೇ ಆಸ್ಪತ್ರೆ.

ನೀರಿಲ್ಲದಿದ್ದರೆ ಅಥವಾ ಇಳಿದ ಮೇಲೆ, ಟವೆಲ್ ಒತ್ತುವ ಭಂಗಿಯಲ್ಲಿ ಕೂರಿಸಿ. ಒಣ ಟವೆಲಿನಿಂದ ಮುಂದೊಡೆಯನ್ನು ಚುರುಕಾಗಿ 20 ಸೆಕೆಂಡ್ ಉಜ್ಜಿ, ಚಿಪ್ಪಿನ ಒಳ-ಮೇಲಿನ ಮಾಂಸವನ್ನು ಮೂರು ಬೆರಳಿಂದ ತಟ್ಟುತ್ತಾ ‘ಒತ್ತು, ಒತ್ತು’ ಎಂದು ಹೇಳಿ. ಐದು ಸೆಕೆಂಡ್ ಒತ್ತುವುದು, ಹತ್ತು ಸಲ. ಇನ್ನೊಂದು ಕಾಲಿನ ಸ್ನಾಯು ಹೇಗೆ ಉಬ್ಬುತ್ತದೆಂದು ಮೊದಲು ಕೈಯಿಟ್ಟು ನೋಡಿಸಿದರೆ ಬೇಗ ತಿಳಿಯುತ್ತದೆ. ಬಳಿಕ ಕಾಲು ನೆಟ್ಟಗೆ ಒಂದು ಗೇಣು ಎತ್ತುವುದು ಎಂಟು ಸಲ, ಮೊಣಕಾಲು ಮಡಚಿದ ಕೂಡಲೇ ನಿಲ್ಲಿಸಬೇಕು. ಒಳಬದಿಯ ಸ್ನಾಯುವೊಂದನ್ನೇ ಬೇರ್ಪಡಿಸಿ ಬೆಳೆಸುತ್ತೇವೆ ಎಂಬ ಜಿಮ್ಮಿನ ಮಾತು ನಿಜವಲ್ಲ, ನಾಲ್ಕೂ ಭಾಗ ಒಟ್ಟಿಗೇ ದುಡಿಯುತ್ತವೆ. ಆಪರೇಷನ್ ಆದ ಮೊಣಕಾಲಿಗೆ ಹೊಲಿಗೆಯ ಹತ್ತಿರ ಕೈ ಬೇಡ, ಥಟ್ಟನೆ ಎಳೆಯುವುದಂತೂ ಬೇಡವೇ ಬೇಡ. ಮೊಣಕಾಲ ಹಿಂದಿನ ಕುಳಿಯಲ್ಲಿ ನರ, ರಕ್ತನಾಳಗಳಿವೆ, ಅಲ್ಲಿ ಎಂದೂ ತಟ್ಟಬಾರದು.

ಹೊಲಿಗೆಯವರ ಹೆಗಲು

ಕುತ್ತಿಗೆ ಮತ್ತು ಹೆಗಲ ನಡುವಿನ ಬಿಗಿ ಸ್ನಾಯುವನ್ನು ಹೆಬ್ಬೆರಳು-ಬೆರಳುಗಳ ನಡುವೆ ಹಿಡಿದು 60 ಸೆಕೆಂಡ್ ಅಲುಗಿಸದೆ ಹಾಗೇ ಹಿಡಿದಿರಿ, ಎರಡೂ ಕಡೆ. ಆಮೇಲೆ ರೆಕ್ಕೆ ಎಲುಬಿನ ಒಳ ಅಂಚಿನಿಂದ ಬೆನ್ನಿನ ನಡುವಿಗೆ ಓರೆಯಾಗಿ ಇಳಿಯುವ ಪಟ್ಟಿಯನ್ನು ಬೆರಳುಗಳಿಂದ 15 ಸೆಕೆಂಡ್ ಉಜ್ಜಿ, 15 ಸೆಕೆಂಡ್ ತಟ್ಟಿ. ಬೆನ್ನೆಲುಬಿನ ಮುಳ್ಳುಗಳ ಮೇಲೆ, ಕೊನೆಯ ಪಕ್ಕೆಲುಬುಗಳ ಹಿಂದೆ ಮೂತ್ರಪಿಂಡವಿರುವ ಜಾಗದಲ್ಲಿ ತಟ್ಟಬೇಡಿ. ಬೋರಲು ಮಲಗಿ, ಕೈ ಮೇಲಕ್ಕೆ ಓರೆಯಾಗಿ ಚಾಚಿ, ಹೆಬ್ಬೆರಳು ಮೇಲೆ ಮಾಡಿ ಒಂದು ಅಂಗುಲ ಎತ್ತುವುದು ಎಂಟು ಸಲ. ಮಷಿನ್ ಮುಂದೆ ಕೂತಲ್ಲೇ ಮಾಡಬೇಕಿದ್ದರೆ ರೆಕ್ಕೆ ಎಲುಬುಗಳನ್ನು ಹಿಂದಿನ ಜೇಬಿಗೆ ಹಾಕುವಂತೆ ಕೆಳಕ್ಕೆಳೆದು ಐದು ಸೆಕೆಂಡ್ ಹಿಡಿಯಿರಿ, ಪ್ರತಿ ತಾಸಿಗೆ ಆರು ಸಲ. ಮೇಜಿನ ಎತ್ತರ ಮೊಣಕೈಗಿಂತ ಬಹಳ ಮೇಲಿದ್ದರೆ ಹೆಗಲು ದಿನವಿಡೀ ಏರಿಯೇ ಇರುತ್ತದೆ. ಕುರ್ಚಿಗೆ ಒಂದು ದಿಂಬು ಹಾಕುವುದು ಆಗ ಎಲ್ಲ ಮಾಲೀಶಿಗಿಂತ ಮೊದಲ ಕೆಲಸ.

ಏನು ತಪ್ಪುತ್ತದೆ

ಒಳ್ಳೆಯದಾಗಲೆಂದು ಹೊತ್ತು ಹೆಚ್ಚಿಸುವುದು ಮೊದಲನೆಯ ತಪ್ಪು. ಐದು ನಿಮಿಷ ತಟ್ಟಿದರೆ ಸ್ನಾಯು ಅದಕ್ಕೆ ಒಗ್ಗಿ ಮಲಗುತ್ತದೆ. ಜಿಮ್ಮುಗಳಿಗೆ ಬಂದಿರುವ ಮಸಾಜ್ ಗನ್ ವಿಷಯದಲ್ಲೂ ಇದೇ ಮಾತು. ಕಡಿಮೆ ಒತ್ತಡ, 30 ಸೆಕೆಂಡ್, ಮಾಂಸದ ಮೇಲೆ ಮಾತ್ರ. ಎರಡನೆಯದು ನೋಯಿಸುವುದು. ನೋವು ತಾನೇ ಒಂದು ತಡೆ ಎಂದು ಮೇಲೆ ಹೇಳಿದೆ. ‘ನೋವಾದರೇ ಗುಣ’ ಎಂದು ಮುಷ್ಟಿ ಬಿಗಿದು ಗುದ್ದುವವರು ತಾವು ಎಬ್ಬಿಸಬೇಕಾದ ಸ್ನಾಯುವನ್ನೇ ಮಲಗಿಸುತ್ತಾರೆ. ಮರುದಿನ ನೀಲಿ ಕಲೆ ಉಳಿದರೆ ಕೈ ಜೋರಾಗಿದೆ. ಮೂರನೆಯದು ಮೊದಲ ದಿನವೇ ಪೂರ್ತಿ ಬಲ ಕೇಳುವುದು. ಆಗ ಪಕ್ಕದ ಸ್ನಾಯುಗಳು ಓಡಿ ಬಂದು ಕೆಲಸ ಮುಗಿಸಿಕೊಡುತ್ತವೆ, ಕೂತದ್ದು ಕೂತೇ ಇರುತ್ತದೆ. ಮೊದಲ ವಾರ ಕಾಲುಭಾಗದ ಬಲ ಸಾಕು.

ಹೊತ್ತು ಮತ್ತು ದಿನಗಳ ಲೆಕ್ಕ

ಕೆಲಸಕ್ಕೆ ಹೋಗುವ ಮೊದಲು, ಬೆಳಿಗ್ಗೆ, ಒಂದು ಸ್ನಾಯುವಿಗೆ ಹತ್ತು ಹನ್ನೆರಡು ನಿಮಿಷ. ಒಂದು ದಿನಕ್ಕೆ ಎರಡು ಸ್ನಾಯು ಮೀರಬೇಡಿ. ಸಂಜೆ ದಣಿದು ಬಂದವರಿಗೆ ಇದು ಬೇಡ, ಅವರಿಗೆ ಬೇಕಾದದ್ದು ಎಣ್ಣೆಯ ನಿಧಾನ ಕೈ ಮತ್ತು ಬಿಸಿನೀರು. ಮೊದಲ ಎರಡು ಮೂರು ವಾರದಲ್ಲಿ ಕಾಣುವ ಸುಧಾರಣೆ ಹೆಚ್ಚಾಗಿ ನರದ ಆಜ್ಞೆ ಸರಿಹೋದದ್ದರಿಂದ. ಮಾಂಸ ಬೆಳೆಯಲು ಆರರಿಂದ ಎಂಟು ವಾರ ವ್ಯಾಯಾಮ ಬೇಕು. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಗುವುದು ಸಾಮಾನ್ಯವಾಗಿ ಜುಲೈ-ಆಗಸ್ಟ್‌ನಲ್ಲಿ. ನಾಟಿಗೆ ಹೋಗುವವರು ಮೇ ಕೊನೆಯಿಂದಲೇ ಪಿರ್ರೆಯ ವ್ಯಾಯಾಮ ಹಿಡಿದರೆ ಹದವಾಗುತ್ತದೆ.

ತಟ್ಟದೆಯೇ, ಬರೀ ಮನಸ್ಸು ಮಾಡಿದ ಮಾತ್ರಕ್ಕೆ ಪಿರ್ರೆ ಮೂರು ದಿನ ಸತತವಾಗಿ ಗಟ್ಟಿಯಾದರೆ ತಟ್ಟುವುದನ್ನು ನಿಲ್ಲಿಸಿ, ವ್ಯಾಯಾಮವನ್ನಷ್ಟೇ ಮುಂದುವರಿಸಿ. ಮೂರು ವಾರ ತಪ್ಪದೆ ಮಾಡಿದರೂ ಚೀಟಿಯ ಲೆಕ್ಕ ಬದಲಾಗದಿದ್ದರೆ, ಅಥವಾ ತೊಡೆಯ ಸುತ್ತಳತೆ ಒಂದು ಕಡೆ ಕಡಿಮೆಯಾಗುತ್ತಾ ಹೋದರೆ, ಆ ಚೀಟಿಯನ್ನೇ ತೆಗೆದುಕೊಂಡು ಡಾಕ್ಟರ ಬಳಿ ಹೋಗಿ.